ಆರು ಅಂಕಿಯ ನಿಯಮ

ಜೂನ್ 2

ಆ್ಯಪ್ ಕಂಪನಿಯವರಿಂದ ಓಲೆ ಬಂದಿದೆ. ಓಲೆ ಎಲ್ಲಿಯದು, ಫೋನಿನ ಪರದೆಯ ಮೇಲೆ ಒಂದು ನೀಲಿ ಪಟ್ಟಿ. "ನಿಮ್ಮ ಸುಂದರ ಪಯಣದಲ್ಲಿ ಜೊತೆಯಾಗಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು. ಗುಂಪುಗಳ ಸೌಲಭ್ಯವನ್ನು ಜೂನ್ 30ರಂದು ನಿಲ್ಲಿಸುತ್ತಿದ್ದೇವೆ." ಪಯಣವಂತೆ! ನಾವು ಕೂತಲ್ಲೇ ಕೂತಿದ್ದೆವು, ಎದ್ದು ಹೋಗುತ್ತಿರುವವರು ಅವರು.

ಬೈಯೋಣವೆಂದರೆ ಬೈಯುತ್ತಿದ್ದ ಜಾಗವೇ ಅದು. ಅದಕ್ಕೇ ದಾರದ ಕಂಪನಿಯವರು ಎರಡು ವರ್ಷದ ಹಿಂದೆ ಕೊಟ್ಟ ಈ ಡೈರಿಯನ್ನು ತೆಗೆದೆ. ತಾರೀಖು ಇದೆ, ವಾರ ತಾಳೆಯಾಗುವುದಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನನಗೆ ನಾನೇ ಬರೆದುಕೊಳ್ಳುತ್ತೇನೆ. ಇದನ್ನು ಮುಚ್ಚುವ ಅಧಿಕಾರ ಯಾವ ಕಂಪನಿಗೂ ಇಲ್ಲ.

ಗುಂಪಿನ ಹೆಸರು 'ಅಂಗಡಿ ಬಾಗಿಲು'. ಹನ್ನೊಂದು ವರ್ಷದ ಹಿಂದೆ ಶುರುಮಾಡಿದ್ದು ನಾನೇ. ಸಣ್ಣ ಅಂಗಡಿಯವರು ಮಾತ್ರ. ನನ್ನದು ಗುಂಡಿ, ಜಿಪ್ಪು, ಲೇಸಿನ ಅಂಗಡಿಯಾದ್ದರಿಂದ ಅಲ್ಲಿ ನಾನು 'ಕಾಜಾಗುಂಡಿ'. ನಾನೂರ ಹನ್ನೆರಡು ಮಂದಿ ಇದ್ದೇವೆ, ಬಾಯಿ ಬಿಡುವವರು ಮೂವತ್ತು. ತೆರಿಗೆ, ಬಾಡಿಗೆ, ಆನ್‌ಲೈನ್ ಕಂಪನಿಗಳು ನಮ್ಮ ಹೊಟ್ಟೆಯ ಮೇಲೆ ಹೊಡೆಯುವುದು, ಇವೇ ಮಾತು. ಬೆಳಿಗ್ಗೆ ಬೋಣಿಯಾದ ಕೂಡಲೇ ಏನು ಹೋಯಿತೆಂದು ಬರೆಯುವುದು ನಮ್ಮ ಪದ್ಧತಿ. ನಾನು "ಬೋಣಿ: ಕಪ್ಪು ಜಿಪ್ಪು, ಏಳಿಂಚು" ಎಂದರೆ, ಎಲ್ಲೋ ಕೂತು ಚಪ್ಪಲಿ ಹೊಲಿಯುವ ಒಬ್ಬ "ಬೋಣಿ: ಎಡಗಾಲಿನ ಹಿಮ್ಮಡಿ" ಎನ್ನುತ್ತಾನೆ. ನಗು ಬರುತ್ತದೆ. ದಿನ ಶುರುವಾಗುತ್ತದೆ.

ನಿಯಮವೂ ನನ್ನದೇ. ಹೆಸರಿಲ್ಲ, ಊರಿಲ್ಲ, ನಂಬರಿಲ್ಲ. ಮೊದಲ ವರ್ಷ ನಮ್ಮಲ್ಲೊಬ್ಬ, ತೆರಿಗೆ ಕಚೇರಿಯ ಗುಮಾಸ್ತನನ್ನು ಆಡಿಕೊಂಡು ಬರೆದ. ಯಾರೋ ಪುಣ್ಯಾತ್ಮರು ಬರೆದವನ ಹೆಸರು, ಊರು ಪತ್ತೆ ಮಾಡಿ ಆ ಗುಮಾಸ್ತನ ಕೈಗೇ ತಲುಪಿಸಿದರು. ಬರೆದವನು ಆರು ತಿಂಗಳು ಕಚೇರಿಗೆ ಅಲೆದ. ಅಂದಿನಿಂದ, ಫೋನ್ ನಂಬರಿರಲಿ ಪಿನ್‌ಕೋಡಿರಲಿ, ಒಂದೇ ಸಾಲಿನಲ್ಲಿ ಆರು ಅಂಕಿ ಕಂಡರೆ ಸಾಕು, ಆ ಸಂದೇಶ ತಾನಾಗಿಯೇ ತಡೆದು ನಿಲ್ಲುವಂತೆ ಮಾಡಿಟ್ಟಿದ್ದೇನೆ. ಬರೆದವರಿಗೆ ಮಾತ್ರ ಹಾಕಿದಂತೆಯೇ ಕಾಣುತ್ತದೆ. ತಡೆದದ್ದು ಗೊತ್ತಾದರೆ ಸಾಲದ ಜಾಹೀರಾತಿನವರು ಬಿಟ್ಟೂ ಬಿಡದೆ ಕಾಟ ಕೊಡುತ್ತಾರೆ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡ ಕೆಲಸ ಅದೊಂದು.

ನಿವೃತ್ತ ಮೇಷ್ಟ್ರು ಬಂದರು. ವಾರಕ್ಕೆರಡು ಸಲ ಬರುತ್ತಾರೆ, ಒಂದೇ ಒಂದು ಬಿಳಿ ಗುಂಡಿ ಕೊಳ್ಳುತ್ತಾರೆ, ಅರ್ಧ ಗಂಟೆ ಕೌಂಟರಿಗೆ ಒರಗಿ ನಿಲ್ಲುತ್ತಾರೆ. ಎಷ್ಟು ಅಂಗಿ ಇವೆಯೋ ಆ ಮನುಷ್ಯನಿಗೆ. ಇನ್ನು ಬರೆಯಲಾರೆ, ತಲೆ ಕೆಟ್ಟಿದೆ.

ಜೂನ್ 5

ತೆರಿಗೆ ಫಾರಂ ತುಂಬುವ ಕೊನೆಯ ವಾರ. ಇಲಾಖೆಯ ವೆಬ್‌ಸೈಟು ಗಾಣದ ಎತ್ತಿನಂತೆ ಸುತ್ತುತ್ತಲೇ ಇದೆ. "ಕ್ಷಮಿಸಿ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ." ದುಡ್ಡು ಕೊಡುತ್ತೇನೆಂದು ನಿಂತವಳನ್ನು ಬಾಗಿಲಲ್ಲೇ ಕಾಯಿಸುವ ವ್ಯಾಪಾರ ಲೋಕದಲ್ಲಿ ಇದೊಂದೇ ಇರಬೇಕು. ನಾನು ಹೀಗೆ ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಸರ್ಕಾರಕ್ಕೆ ಪಕ್ಕದ ಅಂಗಡಿಯೇ ಇಲ್ಲ.

ಇದನ್ನೇ ಗುಂಪಿನಲ್ಲಿ ಬರೆದೆ. ಹದಿನೆಂಟು ಮಂದಿ ಹೌದು ಹೌದೆಂದು ತಲೆದೂಗಿದರು. ಏಕೋ ಸಪ್ಪೆಯೆನಿಸಿತು. ಮೊದಲಾಗಿದ್ದರೆ 'ಮುಲಾಜಿಲ್ಲ' ಸುಮ್ಮನೆ ಬಿಡುತ್ತಿರಲಿಲ್ಲ.

'ಮುಲಾಜಿಲ್ಲ' ಎಂದು ಹೆಸರಿಟ್ಟುಕೊಂಡಿದ್ದ ಆ ಮನುಷ್ಯನ ಕಸುಬು ತಕ್ಕಡಿ ರಿಪೇರಿ. ಒಂಬತ್ತು ವರ್ಷ ನನ್ನ ಪ್ರತಿ ಮಾತಿಗೂ ಅಡ್ಡಮಾತು. ನಾನು ತೆರಿಗೆಯನ್ನು ಬೈದರೆ, "ರಸ್ತೆ ಮೇಲೆ ನಡ್ಕೊಂಡು ಬರೋ ಗಿರಾಕಿ ಬೇಕು, ರಸ್ತೆಗೆ ದುಡ್ಡು ಕೊಡೋದು ಬೇಡ ಅಂದ್ರೆ ಹೆಂಗೆ ಮೇಡಂ?" ಎನ್ನುತ್ತಿದ್ದ. ನಾನು ಹೆಂಗಸೆಂದು ಯಾರಿಗೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ, "ಇಷ್ಟು ನೇರವಾಗಿ ಬೈಯೋ ಗಂಡಸು ವ್ಯಾಪಾರದಲ್ಲಿ ಉಳಿಯಲ್ಲ" ಎಂದು ಬರೆದಿದ್ದ. ಈ ಕಂಪನಿಯ ಬಗ್ಗೆಯೂ ಆಗಲೇ ಹೇಳಿದ್ದ: "ಬಾಡಿಗೆ ತಗೊಳ್ದೆ ಮನೆ ಕೊಟ್ಟವ್ರು ನೋಟೀಸೂ ಕೊಡ್ದೆ ಎಬ್ಬಿಸ್ತಾರೆ. ಆಗ ಅಳ್ಬಾರ್ದು." ನಾನು ಅವನಿಗೆ ಅಪಶಕುನದ ಬಾಯಿ ಎಂದಿದ್ದೆ.

ಒಂದು ದಿನ ಹೇಳದೆ ಕೇಳದೆ ಮಾಯವಾದ. ಒಳ್ಳೆಯದೇ ಆಯಿತು. ಜಗಳವಿಲ್ಲ, ನೆಮ್ಮದಿ.

ಜೂನ್ 9

ಗುಂಪಿನಲ್ಲಿ ಇನ್ನೆಲ್ಲಿಗೆ ಹೋಗೋಣವೆಂಬ ಚರ್ಚೆ. ಒಬ್ಬರು ಹೇಳಿದ ಆ್ಯಪಿನಲ್ಲಿ ಮಾತಿಗಿಂತ ಜಾಹೀರಾತೇ ಹೆಚ್ಚು. ಇನ್ನೊಬ್ಬರು ಹೇಳಿದ್ದಕ್ಕೆ ತಿಂಗಳ ಶುಲ್ಕವಿದೆ. ಮೂರನೆಯದು ಯಾವ ದೇಶದ್ದೆಂದು ಯಾರಿಗೂ ಗೊತ್ತಿಲ್ಲ. ಚಪ್ಪಲಿ ಹೊಲಿಯುವವನು, ಅವನ ಹೆಸರು 'ಚಪ್ಪಲಿ ಚಕ್ರವರ್ತಿ', ಬರೆದ: "ದೊಡ್ಡ ಕಂಪನಿಗಳೆಲ್ಲ ಒಂದೇ ಅಳತೆ ಚಪ್ಪಲಿ ಸ್ವಾಮಿ. ಕಾಲನ್ನೇ ಕತ್ತರಿಸ್ಕೊಳ್ಳಿ ಅಂತಾವೆ." ಇನ್ನೂ ಇಪ್ಪತ್ತು ದಿನವಿರುವಾಗಲೇ ಜನ ಕದಲುತ್ತಿದ್ದಾರೆ. ನಿನ್ನೆ ಬೋಣಿ ಬರೆದವರು ಹನ್ನೊಂದೇ ಮಂದಿ.

ಕೊನೆಗೆ ಚಕ್ರವರ್ತಿಯೇ ಕೇಳಿದ. "ಮುಲಾಜಿಲ್ಲ ಎಲ್ಲಿ ಹೋದ್ರು? ಕಾಜಾಗುಂಡಿಯವ್ರೇ, ನಿಮ್ಗೇನಾದ್ರೂ ಗೊತ್ತಾ?"

"ನನಗೇನು ಗೊತ್ತು" ಎಂದು ಬರೆದೆ.

ಜೂನ್ 10

ಹದಿನಾಲ್ಕು ತಿಂಗಳು, ಹತ್ತು ದಿನ. ಲೆಕ್ಕ ಇಟ್ಟವಳಲ್ಲ ನಾನು. ಆದರೂ ಗೊತ್ತು.

ಜೂನ್ 13

ಇವತ್ತು ಅತ್ತಿಗೆಯ ಬಾಯಿಗೆ ಸಿಕ್ಕಿಬಿದ್ದೆ. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೇ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದೇವೆ. ನಾನು ಕೆಳಗೆ ಅಂಗಡಿ ನೋಡಿಕೊಂಡರೆ ಅವರು ಮೇಲೆ ಕೂತು ಬ್ಲೌಸಿಗೆ ಹುಕ್ಕು ಹಾಕಿಕೊಡುತ್ತಾರೆ. ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದರೂ ಮಾತಿಗೆ ಅಡ್ಡಿಯಿಲ್ಲ.

"ಆ ಗುಂಪು ಮುಚ್ಚಿದ್ರೆ ಮುಚ್ಚಲಿ ಬಿಡೇ. ಅದಕ್ಯಾಕೆ ಮುಖ ಇಷ್ಟು ದಪ್ಪ ಮಾಡ್ಕೊಂಡಿದೀಯ?" ಎಂದರು.

"ಹನ್ನೊಂದು ವರ್ಷ ಅತ್ತಿಗೆ. ನಾನು ಕಟ್ಟಿದ್ದು."

"ನೀನು ಕಟ್ಟಿದ್ದು ಸರಿ. ನಿನ್ನ ಜೊತೆ ಜಗಳ ಆಡ್ತಿದ್ರಲ್ಲ, ಅವ್ರಿನ್ನೂ ಇದಾರಾ?"

"ಇಲ್ಲ. ಅವನು ಬಿಟ್ಟು ಹೋಗಿ ಎಷ್ಟೋ ಆಯ್ತು. ಪೀಡೆ ತೊಲಗ್ತು ಅನ್ಕೊಂಡೆ."

ಅತ್ತಿಗೆ ಸೂಜಿಯನ್ನು ಬಾಯಿಂದ ತೆಗೆದರು. "ಪೀಡೆ ಜೊತೆ ಮಾತಾಡೋಕೆ ಯಾರೂ ಬೆಳಿಗ್ಗೆ ಎದ್ದು ತಲೆ ಬಾಚ್ಕೊಂಡು ಕೂರಲ್ಲ ಕಣೆ. ಅದೂ ಮುಖ ಕಾಣ್ದೇ ಇರೋ ಫೋನಿನ ಮುಂದೆ."

ಎದ್ದು ಕೆಳಗೆ ಬಂದೆ. ಸಿಟ್ಟು ಬಂತು. ದಾರದ ಉಂಡೆಗಳನ್ನೆಲ್ಲ ಕೆಳಗಿಳಿಸಿ ಬಣ್ಣದ ಪ್ರಕಾರ ಮತ್ತೆ ಜೋಡಿಸಿದೆ. ಅವು ಮೊದಲೂ ಹಾಗೇ ಇದ್ದವು.

ತಲೆ ಬಾಚಿಕೊಳ್ಳುತ್ತಿದ್ದುದು ನಿಜ. ಅದರಲ್ಲೇನಿದೆ, ಅಂಗಡಿಯಲ್ಲಿ ಕೂರುವವಳು ನೀಟಾಗಿರಬೇಡವೇ? ಆದರೆ ಒಂದು ಮಾತು ಇಲ್ಲಿ ಬರೆಯಬಹುದು, ಓದುವವರಿಲ್ಲ. ಒಮ್ಮೆ ಅವನು ಬರೆದಿದ್ದ: "ಮನೇಲಿ ನಾನೊಬ್ನೇ. ಸಾರಿಗೆ ಉಪ್ಪು ಹೆಚ್ಚಾದ್ರೆ ಬೈಯೋಕೆ ನನ್ನನ್ನೇ ಹುಡುಕ್ಕೋಬೇಕು." ಆ ದಿನ ಮಧ್ಯಾಹ್ನವಿಡೀ, ಆ ಕಾಣದ ಅಡುಗೆಮನೆಯಲ್ಲಿ ಎದುರಿಗೆ ಕೂತು "ಉಪ್ಪು ಸರಿಯಾಗಿದೆ" ಎಂದು ಹೇಳಬೇಕೆನ್ನಿಸಿತ್ತು. ಬರೆದದ್ದು ಮಾತ್ರ "ವ್ಯಾಪಾರದ ವಿಷಯ ಬರೆಯಿರಿ" ಎಂದು.

ಜೂನ್ 17

ಆನ್‌ಲೈನ್ ಕಂಪನಿಯಿಂದ ಟೈ ಕಟ್ಟಿಕೊಂಡ ಒಬ್ಬರು ಬಂದಿದ್ದರು. ನನ್ನ ಗುಂಡಿಗಳನ್ನೆಲ್ಲ ಅವರ ಜಾಲಕ್ಕೆ ಹಾಕಬೇಕಂತೆ. ನೂರಕ್ಕೆ ಇಪ್ಪತ್ತೆರಡು ಅವರಿಗೆ, ವಾಪಸ್ ಬಂದ ಮಾಲಿನ ಖರ್ಚು ನನಗೆ.

"ನಿಮ್ಮ ಅಂಗಡಿ ಇಡೀ ಲೋಕಕ್ಕೆ ಗೊತ್ತಾಗುತ್ತೆ ಮೇಡಂ" ಎಂದರು.

"ಲೋಕಕ್ಕೆ ಗೊತ್ತಾಗಿ ನನಗೇನಾಗಬೇಕು? ಒಬ್ಬರಿಗೆ ಗೊತ್ತಾದ್ರೆ ಸಾಕು" ಎಂದುಬಿಟ್ಟೆ.

ಅವರು ಪುಸ್ತಕ ತೆಗೆದು, "ಯಾರಿಗೆ ಮೇಡಂ?" ಎಂದು ಕೇಳಿದರು. ಗಿರಾಕಿಯ ವಿವರ ಬರೆದುಕೊಳ್ಳಲು ಇರಬೇಕು. ನಾನು ಒಂದು ಡಜನ್ ಪ್ರೆಸ್ ಬಟನ್ ಮಾರಿ ಕಳಿಸಿದೆ.

ಜೂನ್ 21

ನಿಧಾನವಾಗಿ ಬರೆಯುತ್ತೇನೆ.

ಹಳೆಯ ಮಾತುಗಳನ್ನೆಲ್ಲ ಇಳಿಸಿಕೊಳ್ಳಿ ಎಂದು ಕಂಪನಿ ಹೇಳಿತ್ತು. ಅದಕ್ಕೆ ಅಡ್ಮಿನ್‌ಗಳಿಗೆ ಮಾತ್ರ ಕಾಣುವ ಪುಟಕ್ಕೆ ಹೋಗಬೇಕು. ವರ್ಷಗಟ್ಟಲೆ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿ ಒಂದು ಮೂಲೆಯಲ್ಲಿ 'ತಡೆಹಿಡಿದವು: 137' ಎಂದಿತ್ತು. ಸಾಲದವರು, ತೆರಿಗೆ ಉಳಿಸಿಕೊಡುವವರು, ಮೂರು ದಿನದಲ್ಲಿ ತೂಕ ಇಳಿಸುವವರು. ಅಳಿಸುತ್ತ ಹೋದೆ. ಹಾಗೆ ಅಳಿಸುವಾಗ ಆ ಹೆಸರು ಕಂಡಿತು. ಒಂದಲ್ಲ, ಮೂರು ಸಲ.

ಹೋದ ವರ್ಷ ಏಪ್ರಿಲ್ 2: "ಕಾಜಾಗುಂಡಿ ಮೇಡಂ, ನಿಯಮ ಗೊತ್ತು, ಆದ್ರೂ ಮುರೀತಿದೀನಿ. ಕಣ್ಣು ಕೈ ಕೊಡ್ತಿದೆ. ತಕ್ಕಡಿ ಮುಳ್ಳು ಎರಡೆರಡಾಗಿ ಕಾಣುತ್ತೆ. ಆಪರೇಷನ್ ಮಾಡಿ ನೋಡೋಣ, ಉಳಿದ್ರೆ ಉಳೀತು ಅಂತಾರೆ ಡಾಕ್ಟ್ರು. ಇನ್ಮೇಲೆ ನೀವು ಬರೆದಿದ್ದನ್ನ ಓದೋಕಾಗುತ್ತೋ ಇಲ್ವೋ. ಕಿವಿ ಮಾತ್ರ ಗಟ್ಟಿಯಾಗಿದೆ. ಇದು ನನ್ನ ನಂಬರು. ಬೈಯೋಕಾದ್ರೂ ಒಂದು ಸಲ ಫೋನ್ ಮಾಡಿ." ಕೆಳಗೆ ನಂಬರು.

ಏಪ್ರಿಲ್ 9: "ನಂಬರು ತಪ್ಪು ಬರೆದಿದ್ನೇನೋ ಅಂತ ಇನ್ನೊಂದು ಸಲ ಹಾಕ್ತಿದೀನಿ. ನಾಡಿದ್ದು ಆಪರೇಷನ್." ಮತ್ತೆ ನಂಬರು.

ಏಪ್ರಿಲ್ 24: "ಇದು ಬೇರೆಯವ್ರ ಕೈಯಲ್ಲಿ ಬರೆಸ್ತಿರೋದು. ಕಣ್ಣು ಉಳೀಲಿಲ್ಲ. ನಂಬರು ಅದೇ." ಮತ್ತೆ ಅದೇ ಹತ್ತು ಅಂಕಿ. "ಇಷ್ಟ ಇಲ್ದಿದ್ರೆ ಬೇಡ, ಬೇಜಾರಿಲ್ಲ. ವ್ಯಾಪಾರ ಚೆನ್ನಾಗಿರ್ಲಿ."

ಬರೆದವರಿಗೆ ಹಾಕಿದಂತೆಯೇ ಕಾಣುತ್ತದೆ. ಅವರ ಪಾಲಿಗೆ ಆ ಮೂರೂ ನನ್ನ ಕಣ್ಣೆದುರಿಗೇ ಇದ್ದವು. ಗುಂಪಿನವರೆಲ್ಲರ ಕಣ್ಣೆದುರಿಗೂ. ಅವರ ಲೆಕ್ಕದಲ್ಲಿ ನಾನು ಓದಿ, ಸುಮ್ಮನಿದ್ದೆ.

ಸುಮ್ಮನಾದರೂ ಇದ್ದೆನೇ? ಹೋದ ವರ್ಷ ಏಪ್ರಿಲ್ 30ರಂದು ನಾನು ಬರೆದದ್ದೂ ಅಲ್ಲೇ ಇದೆ. "ಹೇಳದೆ ಕೇಳದೆ ಹೋಗುವವರು ಹೋಗಲಿ. ಅಂಗಡಿಗೆ ಗಾಳಿಯಾಡುತ್ತದೆ."

ಜೂನ್ 22

ಅಂಗಡಿ ತೆಗೆದೆ. ಬೋಣಿ ಬರೆಯಲಿಲ್ಲ.

ಜೂನ್ 23

ನಂಬರನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಿದ್ದೇನೆ. ಒಂಬತ್ತು ಅಂಕಿ ಒತ್ತಿದೆ. ಆಗಲಿಲ್ಲ.

ಫೋನ್ ಮಾಡಿ ಏನು ಹೇಳುವುದು? "ಕ್ಷಮಿಸಿ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ" ಎನ್ನುವ ಯಂತ್ರವನ್ನು ಬೈದವಳು ನಾನು. ಆ ಯಂತ್ರ ಮುಖಕ್ಕೆ ಬಾಗಿಲು ಹಾಕಿತೆಂದಾದರೂ ಎದುರಿಗಿದ್ದವರಿಗೆ ತಿಳಿಯುತ್ತದೆ. ನನ್ನ ಯಂತ್ರ ಬಾಗಿಲು ತೆರೆದಿದೆಯೆಂದು ನಂಬಿಸಿ ಗೋಡೆಗೆ ಮಾತಾಡಿಸಿತು. ಅದೂ ಕಣ್ಣು ಹೋಗುತ್ತಿದ್ದವರನ್ನು.

ನನಗೆ ಅವರು ಬೇಕಿತ್ತು. ಬರೆದೇಬಿಡುತ್ತೇನೆ: ಈಗಲೂ ಬೇಕು. ಐವತ್ತನಾಲ್ಕನೇ ವಯಸ್ಸಿನಲ್ಲಿ, ಮುಖ ನೋಡದವರ ಮೇಲೆ ಮನಸ್ಸು. ಊರೆಲ್ಲ ನಕ್ಕರೂ ಸರಿಯೆ.

ಜೂನ್ 25

ಮೇಷ್ಟ್ರು ಬಂದಿದ್ದರು. ಒಳಗಿನ ಸ್ಟೂಲು ತಂದು ಕೊಟ್ಟೆ, ನಿಂತರೆ ಮಂಡಿ ನೋಯುತ್ತದೆ ಅವರಿಗೆ. ತೆರಿಗೆ ಹೆಚ್ಚಾದದ್ದರ ಬಗ್ಗೆ ಮಾತು ಬಂತು. "ನಮ್ಮ ಕಾಲದಲ್ಲಿ ಗುಮಾಸ್ತರ ಜೊತೆ ಜಗಳ ಆಡಬಹುದಿತ್ತಮ್ಮ. ಈಗ ಜಗಳ ಆಡೋಕೂ ಒಂದು ಮುಖ ಇಲ್ಲ" ಎಂದರು. ಹೆಂಡತಿ ಇದ್ದಾಗ ಅಂಗಿ ಗುಂಡಿಯನ್ನು ಅವರೇ ಹಾಕಿಕೊಡುತ್ತಿದ್ದರಂತೆ. ತಮಗೆ ಗುಂಡಿ ಹಾಕಲು ಬರುವುದಿಲ್ಲವಂತೆ. ಹಾಗಾದರೆ ಇಷ್ಟು ಗುಂಡಿಗಳನ್ನೇನು ಮಾಡುತ್ತೀರಿ ಎಂದೆ. ಡಬ್ಬಿಯಲ್ಲಿವೆ ಎಂದರು. ಅತ್ತಿಗೆಯನ್ನು ಕರೆದು ಮೂವರಿಗೂ ಚಹಾ ಮಾಡಿಸಿದೆ. ಒಂದು ಗಂಟೆ ಕೂತರು.

ಅವರು ಹೋದ ಮೇಲೆ ಅತ್ತಿಗೆಗೆ ಎಲ್ಲ ಹೇಳಿದೆ. ಮೂರು ಸಂದೇಶ, ಕಣ್ಣು, ನಂಬರು. ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ.

"ಫೋನ್ ಮಾಡೋಕೆ ಮುಹೂರ್ತ ಬೇಕಾ?" ಎಂದರು.

"ಬೈದ್ರೆ?"

"ಬೈಲಿ. ಒಂಬತ್ತು ವರ್ಷ ನೀನು ಬೈದಿಲ್ವಾ?"

"ಬೈದೇ ಇದ್ರೆ, ಅತ್ತಿಗೆ?"

ಅತ್ತಿಗೆ ಚಹಾದ ಲೋಟಗಳನ್ನು ಎತ್ತಿಕೊಂಡು ಮೇಲೆ ಹೋದರು.

ಜೂನ್ 27

ಮಾಡಿದೆ. ಹೆಂಗಸಿನ ದನಿ. "ಯಾರು? ಅವನು ಹೊರಗೆ ಬಿಸಿಲಿಗೆ ಕೂತಿದಾನೆ, ಕರೀಲಾ?" ಎಂದರು. ಇಟ್ಟುಬಿಟ್ಟೆ. ಹೇಡಿ ನಾನು.

ಬದುಕಿದ್ದಾರೆ. ಬಿಸಿಲಿಗೆ ಕೂತಿದ್ದಾರೆ. ಇಷ್ಟು ಗೊತ್ತಾಯಿತು.

ಜೂನ್ 29

ಬೆಳಿಗ್ಗೆ ಹತ್ತೂವರೆಗೆ ಮಾಡಿದೆ. ಅಂಗಡಿಯಲ್ಲಿ ಗಿರಾಕಿಯಿದ್ದರು. ಅವರನ್ನು ಕಾಯಲು ಹೇಳಿ, ಲೇಸಿನ ಕಪಾಟಿನ ಹಿಂದೆ ನಿಂತು ಮಾಡಿದೆ. ಇನ್ನೂ ಒಂದು ನಿಮಿಷ ತಡಮಾಡಿದ್ದರೆ ಮಾಡುತ್ತಲೇ ಇರಲಿಲ್ಲ.

ಅದೇ ಹೆಂಗಸಿನ ದನಿ. "ಯಾರು?"

"ಕಾಜಾಗುಂಡಿ" ಎಂದೆ. ಬೇರೇನು ಹೇಳಬೇಕೆಂದು ತೋಚಲಿಲ್ಲ.

ಅವರು ಫೋನನ್ನು ದೂರ ಹಿಡಿದು ಕೂಗಿದ್ದು ಕೇಳಿಸಿತು. "ಲೋ, ಇಲ್ನೋಡೋ, ನಿನ್ನ ಗುಂಡಿಯವ್ರು ಫೋನ್ ಮಾಡಿದಾರೆ!"

ಅವರ ದನಿ ದಪ್ಪಗಿರುತ್ತದೆಂದುಕೊಂಡಿದ್ದೆ. ಇಲ್ಲ, ತೆಳ್ಳಗೆ, ಸ್ವಲ್ಪ ಒಡಕು. "ಹೇಳಿ ಮೇಡಂ" ಎಂದರು, ನಿನ್ನೆ ಬಿಟ್ಟ ಮಾತನ್ನು ಇವತ್ತು ಎತ್ತಿಕೊಂಡ ಹಾಗೆ.

ಒಂದೇ ಉಸಿರಿಗೆ ಹೇಳಿದೆ. ಆರು ಅಂಕಿಯ ನಿಯಮ, ತಡೆದು ನಿಂತದ್ದು, ಬರೆದವರಿಗೆ ಮಾತ್ರ ಕಾಣುವುದು, ನಾನು ಆ ಪುಟ ತೆರೆದು ನೋಡದೇ ಹೋದದ್ದು. ಅವರು ನಡುವೆ ಬಾಯಿ ಹಾಕಲಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ.

"ಅಂದ್ರೆ ನೀವು ನೋಡೇ ಇಲ್ಲ" ಎಂದರು.

"ನೋಡೇ ಇಲ್ಲ."

"ನಾನು ದಿನಾ ಕೇಳ್ತಿದ್ದೆ."

"ಏನನ್ನ?"

"ನಿಮ್ಮನ್ನ. ಕಣ್ಣು ಹೋದ್ಮೇಲೆ ಅಕ್ಕ ಬಂದು ಜೊತೆಗಿದಾಳೆ, ದಿನಾ ಬೆಳಿಗ್ಗೆ ಗುಂಪು ತೆಗೆದು ಓದಿ ಹೇಳ್ತಾಳೆ. ಕಪ್ಪು ಜಿಪ್ಪು ಏಳಿಂಚು, ಬಿಳಿ ಲೇಸು ಎರಡು ಮೀಟರು, ಎಲ್ಲಾ ಗೊತ್ತು. ಗಾಳಿಯಾಡುತ್ತೆ ಅಂದಿದ್ದೂ ಗೊತ್ತು. ಮೊನ್ನೆ 'ನನಗೇನು ಗೊತ್ತು' ಅಂದಿದ್ದೂ ಗೊತ್ತು. ಒಂದು ವಾರದಿಂದ ನೀವು ಏನೂ ಬರೀಲಿಲ್ಲ. ಮೈಗೆ ಹುಷಾರಿಲ್ವೇನೋ ಅಂತ ಅಕ್ಕನ ಹತ್ರ ಹೇಳ್ತಿದ್ದೆ."

"ಅಷ್ಟೆಲ್ಲ ಅಂದ್ಮೇಲೂ ಯಾಕೆ ಓದಿಸ್ಕೊಂಡ್ರಿ?"

"ಮತ್ತೇನು ಓದಿಸ್ಕೊಳ್ಲಿ ಮೇಡಂ? ಪೇಪರಾ?"

ಅತ್ತುಬಿಟ್ಟೆ. ಗಿರಾಕಿಗೆ ಕೇಳಿಸಿರಬೇಕು, ಕೇಳಿಸಲಿ. ಎಷ್ಟು ದೂರವೆಂದು ಕೇಳಿದೆ. ಊರಿನ ಹೆಸರು ಹೇಳಿದರು. ಬಸ್ಸಿನಲ್ಲಿ ನಾಲ್ಕು ಗಂಟೆ. ಬರೀ ನಾಲ್ಕು ಗಂಟೆಯ ಹಾದಿಯಲ್ಲಿದ್ದರು, ಇಷ್ಟು ವರ್ಷ.

"ನಾಳೆ ಬರ್ತೀನಿ" ಎಂದೆ.

"ಅಂಗಡಿ?"

"ಅತ್ತಿಗೆ ನೋಡ್ಕೋತಾರೆ. ಮೇಷ್ಟ್ರೂ ಬಂದು ಕೂರ್ತಾರೆ."

"ಬಂದು ಏನ್ ಮಾಡ್ತೀರಿ ಮೇಡಂ?" ದನಿ ಸಣ್ಣದಾಯಿತು. "ನನಗೆ ನೀವು ಕಾಣ್ಸಲ್ಲ."

"ನನಗೆ ನೀವು ಕಾಣ್ಸ್ತೀರಲ್ಲ" ಎಂದೆ.

ಇಟ್ಟುಬಿಟ್ಟರೇನೋ ಎಂದು ಫೋನನ್ನು ಎರಡು ಸಲ ನೋಡಿಕೊಂಡೆ. ಆಮೇಲೆ ಅವರು, ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಎಡಕ್ಕೆ ಬರಬೇಕು, ಔಷಧಿ ಅಂಗಡಿ ದಾಟಬೇಕು, ಆಮೇಲೆ ಹಸಿರು ಗೇಟು ಎಂದು ದಾರಿ ಹೇಳತೊಡಗಿದರು. ಗೇಟು ಈಗಲೂ ಹಸಿರೇ ಇದೆಯಾ ಎಂದು ನಡುವೆ ಅಕ್ಕನನ್ನು ಕೇಳಿದರು. ಇದೆಯಂತೆ. ನಾನು ಬಿಲ್ ಪುಸ್ತಕದ ಹಿಂದೆ, ಅವರ ನಂಬರಿನ ಕೆಳಗೆ, ಎಲ್ಲವನ್ನೂ ಬರೆದುಕೊಂಡೆ. ಮೊದಲ ಬಸ್ಸು ಆರೂಕಾಲಿಗೆ.